ಅವ್ವ ಹೊದಿಸದ ಕಂಬಳಿ

“ಡಾಕ್ಟ್ರೇ, ನನ್ನ ಎದೇಲಿ ಏನೈತೆ ಅಂತ ಹೇಳ್ಲೇ ಇಲ್ವಲ್ರಿ?”

ಚಳ್ಳಕೆರೆಯ ಸನ್ಮಾನ ಸಭೆಯಲ್ಲಿ, ಕುರಿಗಾಹಿಗಳ ಪರವಾಗಿ ಹೃದ್ರೋಗ ತಜ್ಞರಿಗೆ ಕಂಬಳಿ ಹೊದಿಸಲು ಹೋದ ಅವ್ವ ಹೀಗೆ ಕೇಳಿದಾಗ ವೇದಿಕೆಯಲ್ಲಿದ್ದವರು ಮುಖ ಮುಖ ನೋಡಿಕೊಂಡರು. ಕುರಿಗಾಹಿಗಳ ಹೃದಯದ ಬಗ್ಗೆ ಈ ಡಾಕ್ಟರು ಬರೆದ ಪ್ರಬಂಧಗಳನ್ನು ದೇಶವಿದೇಶದ ಸಂಶೋಧಕರು ಉಲ್ಲೇಖಿಸುತ್ತಾರೆಂದು ನಿರೂಪಕರು ಆಗಷ್ಟೇ ಹೊಗಳಿದ್ದರು. ಆ ಸಂಶೋಧನೆಗೆಂದು ನಮ್ಮೂರು ದೇವಸಮುದ್ರದಲ್ಲಿ ಅವ್ವನ ಎದೆಗೆ ವೈರು ಅಂಟಿಸಿ ಇಸಿಜಿ ತೆಗೆದು ಹೋದವರು ಮತ್ತೆ ಇತ್ತ ತಲೆ ಹಾಕಿರಲಿಲ್ಲ.

ಡಾಕ್ಟರು ನಕ್ಕರು. “ಅದ್ರಲ್ಲಿ ಯಾರ ಹೆಸ್ರೂ ಇರಲ್ಲಮ್ಮ, ಬರೀ ಅಂಕಿಅಂಶ ಇರ್ತವೆ.”

ಅವ್ವ ಕಂಬಳಿಯನ್ನು ತನ್ನ ಹೆಗಲಿಗೇ ಹಾಕಿಕೊಂಡು ಕೆಳಗಿಳಿದಳು.

ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಅವ್ವನ ಎದೆಯ ಸುದ್ದಿ ಅವಳು ಕಾಣದ ದೇಶಗಳಿಗೂ ಗೊತ್ತು. ಕುರಿ ಹಿಂದೆ ಗುಡ್ಡ ಹತ್ತುವಾಗ ಏದುಸಿರು ಬಿಡುವ ಅವ್ವನಿಗೆ ಮಾತ್ರ ಯಾರೂ ಹೇಳಿಲ್ಲ.