ಗಾರ್ಡ್ ಇಲ್ಲದ ಗರಗಸ, ಬಳೆ ಇಲ್ಲದ ಕೈ

ನಾನು ಮಣೆ ಮಾಡುತ್ತೇನೆ. ಊಟಕ್ಕೆ ಕೂರುವ ಮಣೆ, ದೇವರ ಮುಂದಿಡುವ ಮಣೆ, ಮೊಣಕಾಲು ನೋಯುವವರಿಗೆಂದು ಗೇಣೆತ್ತರದ ಮಣೆ. ಶಾಲೆಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತಳಾದ ಹೆಂಗಸು ಟೆರೇಸಿನ ತಗಡಿನ ಶೆಡ್ಡಿನಲ್ಲಿ ಮರ ಕೊಯ್ಯುತ್ತಾಳೆಂದರೆ ಉಪ್ಪಲ್ ಬಡಾವಣೆಯ ನಮ್ಮ ಗಲ್ಲಿಯವರಿಗೆ ಮೊದಮೊದಲು ನಗು. ನಗಲಿ. ನಕ್ಕವರ ಮನೆಯಲ್ಲೇ ಈಗ ನನ್ನ ಮಣೆಗಳಿವೆ.

ಎರಡು ವರ್ಷ ಕೈಗರಗಸದಿಂದಲೇ ಕೊಯ್ದೆ. ಬಲಭುಜ ಹಿಡಿದುಕೊಂಡಿತು, ತಲೆ ಬಾಚಲು ಕೈ ಎತ್ತಲಾಗದಷ್ಟು. ಡಾಕ್ಟರು ಮರ ಬಿಡಿ ಎಂದರು, ನಾನು ಡಾಕ್ಟರನ್ನೇ ಬಿಟ್ಟೆ. ಮೇಜಿನ ನಡುವಿನ ಸೀಳಿನಿಂದ ದುಂಡನೆಯ ಬ್ಲೇಡು ಮೇಲೆದ್ದು ತಿರುಗುವ, ಹಲಗೆಯನ್ನು ತಳ್ಳಿದರೆ ಸಾಕು ಕೊಯ್ದುಕೊಡುವ ಮಷೀನು ತರುವುದೆಂದು ನಿರ್ಧರಿಸಿದೆ. ಹೊಸದರ ಬೆಲೆ ಕೇಳಿ ನನ್ನ ಗಂಡ ಕೂರಲು ಕುರ್ಚಿ ಹುಡುಕಿದರು. ಹಾಗಾಗಿ ಇಬ್ಬರೂ ನಾಚಾರಂಗೆ, ಬಾಗಿಲು ಹಾಕಿದ ಕಾರ್ಖಾನೆಗಳ ಹಳೆ ಮಷೀನು ಮಾರುವ ಅಂಗಡಿಯೊಂದಕ್ಕೆ ಹೋದೆವು.

ಅಂಗಡಿಯವನು ಕಲಬುರಗಿ ಕಡೆಯವನು. ನಾವು ನಮ್ಮೊಳಗೆ ಮಾತಾಡಿದ್ದು ಕಿವಿಗೆ ಬಿದ್ದೊಡನೆ ಹಿಂದಿ ಬಿಟ್ಟು ಕನ್ನಡಕ್ಕೆ ಇಳಿದ.

"ಗಟ್ಟಿ ಮಾಲ್ ಐತ್ರಿ ಇದು. ಈಗಿನ ಮಷೀನು ಇದರ ಮುಂದ ಆಟಗಿ ಸಾಮಾನ."

ಗಟ್ಟಿ ಇದ್ದದ್ದು ನಿಜ. ಕಬ್ಬಿಣದ ಮೇಜನ್ನು ನಾಲ್ಕು ಜನ ಎತ್ತಬೇಕು. ಆದರೆ ಬ್ಲೇಡನ್ನು ಮುಚ್ಚುವ ಗಾರ್ಡ್ ಇರಲಿಲ್ಲ. ಕೊಯ್ದ ಹಲಗೆ ಮತ್ತೆ ಕೂಡಿಕೊಂಡು ಬ್ಲೇಡನ್ನು ಕಚ್ಚದಂತೆ ಬ್ಲೇಡಿನ ಬೆನ್ನಿಗೇ ಒಂದು ಉಕ್ಕಿನ ಪಟ್ಟಿ ನಿಂತಿರಬೇಕು, ಅದೂ ಇಲ್ಲ. ಬೆಲ್ಟು ಬಟಾಬಯಲು. ಸ್ವಿಚ್ಚು ವೈರಿಗೆ ಜೋತುಬಿದ್ದಿತ್ತು.

"ಗಾರ್ಡ್ ಎಲ್ಲೈತಿ?" ಎಂದೆ.

"ಗಾರ್ಡ್ ಹಾಕ್ಕೊಂಡು ಯಾರ್ ಕೆಲಸ ಮಾಡ್ತಾರ್ರಿ? ಅಡ್ಡ ಬರ್ತೈತಿ ಅಂತ ಮೊದಲನೇ ದಿನಾನ ಬಿಚ್ಚಿ ಒಗೀತಾರ." ಹಾಗೆಂದು ಒಗೆದು ತೋರಿಸಿದ ಕೈಯಲ್ಲಿ ಉಂಗುರದ ಬೆರಳು ಅರ್ಧವೇ ಇತ್ತು. "ನಡಸಾವ್ರು ಯಾರು, ಯಜಮಾನ್ರೇನ್ರಿ?"

"ನಾನ ನಡಸ್ತೀನಿ."

ಅವನು ನನ್ನ ಕೈ ನೋಡಿದ. ಎರಡೂ ಕೈಗೆ ಡಜನ್ ಡಜನ್ ಹಸಿರು ಗಾಜಿನ ಬಳೆ. "ಹಂಗಾದ್ರ ಕೊಡಂಗಿಲ್ಲ ಬಿಡ್ರಿ ಅಕ್ಕಾರ. ನನ್ನ ಬೆರಳು ಹೋಗಿದ್ದು ಉಂಗುರ ಸಿಕ್ಕೊಂಡು. ಬಳಿ ಇದ್ದ ಕೈ ಇದರ ಹತ್ರ ಬರಬಾರದು."

ಗಾರ್ಡ್ ಬೇಡವಂತೆ, ಬಳೆಯೂ ಬೇಡವಂತೆ. ಅರ್ಧ ಬುದ್ಧಿವಂತ. ಆದರೆ ಆ ಅರ್ಧ ನಿಜವಿತ್ತು. "ಬಳಿ ತಗೀತೀನಿ, ಮಷೀನು ಕಳಸು" ಎಂದೆ. ಪಕ್ಕದಲ್ಲಿದ್ದ ಗಂಡನ ಮುಖ ಸಣ್ಣದಾಯಿತು.

ಮನೆಯಲ್ಲಿ ಅತ್ತೆಗೆ ಈ ಸುದ್ದಿ ಮಷೀನಿಗಿಂತ ಮೊದಲೇ ಮುಟ್ಟಿತು. ಎಂಬತ್ತು ದಾಟಿದ ಜೀವ, ಒಬ್ಬನೇ ಮಗ. ಮಾವ ತೀರಿಕೊಂಡು ಹದಿನೆಂಟು ವರ್ಷ.

"ಗಂಡ ಗುಂಡಕಲ್ಲಿನಂಗ ಇರೂವಾಗ ಬರಿಗೈ ಮಾಡ್ಕೋತೀಯೇನ? ನನ್ನ ಮಗನ ಆಯುಷ್ಯದ ಮ್ಯಾಲೆ ಮಣಿ ಮಾಡ್ತೀಯೇನು?"

ಆಕೆಯೇ ಒಂದು ಉಪಾಯ ಹೇಳಿದರು. ಬಳೆಗಳನ್ನು ಮೇಲಕ್ಕೆ ಸರಿಸಿ ಮೊಣಕೈ ಹತ್ತಿರ ಕರ್ಚೀಫು ಕಟ್ಟಿಕೊಳ್ಳುವುದು. ಬಳೆಯೂ ಉಳಿಯಿತು, ಕೆಲಸವೂ ಆಯಿತು. ವಾದ ಮಾಡಿ ಮಾಡಿ ಸಾಕಾಗಿತ್ತು, ಹೂಂ ಎಂದೆ.

ಆ ವಾರವೇ ದಸರೆ. ಖಂಡೆ ಪೂಜೆಯ, ಅಂದರೆ ಆಯುಧಪೂಜೆಯ ದಿನ ಅತ್ತೆ ಮೆಟ್ಟಿಲು ಹತ್ತಿ ಬಂದು ಮಷೀನಿಗೆ ವಿಭೂತಿ, ಕುಂಕುಮ, ಚೆಂಡುಹೂವಿನ ಮಾಲೆ ಹಾಕಿದರು. ಪೂಜೆಗೆ ಇಟ್ಟ ಹತ್ಯಾರವನ್ನು ಅಂದು ಮುಟ್ಟುವಂತಿಲ್ಲ, ಮರುದಿನ ಒಳ್ಳೆ ಗಳಿಗೆ ನೋಡಿ ಮುತ್ತೈದೆಯ ತುಂಬುಗೈಯಿಂದ ಶುರುಮಾಡಬೇಕೆಂದರು. ಗಾರ್ಡ್ ಮಾಡಿಕೊಡುವ ವರ್ಕ್‌ಶಾಪುಗಳೆಲ್ಲ ಹಬ್ಬಕ್ಕೆ ಮುಚ್ಚಿದ್ದವು. ಒಂದೇ ಒಂದು ಹಲಗೆ ತಾನೇ, ಶಾಸ್ತ್ರಕ್ಕೆ ಕೊಯ್ದರಾಯಿತು ಅಂದುಕೊಂಡೆ. ಮುಂದೆ ಆದದ್ದು ಅತ್ತೆಯ ತಪ್ಪಲ್ಲ, ಅಂಗಡಿಯವನದೂ ಅಲ್ಲ. ಎಲ್ಲ ಗೊತ್ತಿದ್ದೂ ಸ್ವಿಚ್ಚು ಒತ್ತಿದವಳು ನಾನು.

ಬೇವಿನ ಹಲಗೆ ಅರ್ಧದವರೆಗೆ ಬೆಣ್ಣೆಯ ಹಾಗೆ ಹೋಯಿತು. ಆಮೇಲೆ ಸೀಳು ಕೂಡಿಕೊಂಡು ಬ್ಲೇಡನ್ನು ಕಚ್ಚಿತು. ಹಲಗೆ ಹಿಂದಕ್ಕೆ ಜಿಗಿದು ನನ್ನ ಹೊಟ್ಟೆಗೆ ಬಡಿಯಿತು, ತಳ್ಳುತ್ತಿದ್ದ ಕೈ ಮುಂದಕ್ಕೆ ಜಾರಿತು. ಕರ್ಚೀಫು ಬಿಚ್ಚಿ ಬಳೆಗಳೆಲ್ಲ ಮಣಿಕಟ್ಟಿಗೆ ಇಳಿದವು, ಬ್ಲೇಡು ಅವನ್ನು ಮುಟ್ಟಿತು. ಹಸಿರು ಚೂರು ಟೆರೇಸಿನ ತುಂಬ ಸಿಡಿದವು. ಗಂಡ ಓಡಿಹೋಗಿ ಪ್ಲಗ್ಗು ಕಿತ್ತರು. ಎರಡು ಗಾಜಿನ ಚೂರು ಮಣಿಕಟ್ಟಿನೊಳಗೆ ಹೊಕ್ಕು ರಕ್ತ ಸುರಿಯುತ್ತಿತ್ತು. ಬೆರಳು ಮಾತ್ರ ಹತ್ತೂ ಇದ್ದವು.

ಅತ್ತೆ ರಕ್ತ ನೋಡಲಿಲ್ಲ, ಚೂರು ನೋಡಿದರು. ನಮ್ಮಲ್ಲಿ ಮುತ್ತೈದೆಯ ಬಳೆ ಒಡೆಯಿತು ಎನ್ನುವುದಿಲ್ಲ, ಹೆಚ್ಚಿತು ಎನ್ನುತ್ತಾರೆ. ಅಂದು ಆಕೆ "ಒಡದ್ವು" ಎಂದೇ ಹೇಳಿ ಮೆಟ್ಟಿಲ ಮೇಲೆ ಕುಸಿದರು.

ಸಂಜೆ ಕೈಗೆ ಹೊಲಿಗೆ ಹಾಕಿಸಿಕೊಂಡು ಬಂದು ಕೂತಾಗ ಗಂಡ ಹೇಳಿದರು, "ನಾಳೆ ಮಾರಿಬಿಡು. ಅವ್ವನ ಜೀವ ಹೋಗ್ತೈತಿ."

ನನಗೆ ಸಿಟ್ಟು ನೆತ್ತಿಗೇರಿತು. "ಮಾರಂಗಿಲ್ಲ. ನಿಮ್ಮ ಆಯುಷ್ಯ ನನ್ನ ಬಳಿಯೊಳಗ ಇದ್ದಿದ್ರ ನೀವು ಇವತ್ತು ಮಧ್ಯಾಹ್ನಾನ ಹೋಗಬೇಕಿತ್ರಿ. ಆರಾಮ ಕೂತು ಚಾ ಕುಡ್ಯಾಕತ್ತೀರಿ ನೋಡ್ರಿ."

ಅವರು ಕಪ್ಪಿನೊಳಗೆ ನೋಡಿದರು. ಉಳಿದ ಚಾ ಮುಗಿಸಿದರು.

ಮರುದಿನ ಸೋಪಿನ ನೊರೆ ಹಚ್ಚಿ ಇನ್ನೊಂದು ಕೈಯ ಬಳೆಗಳನ್ನೂ ತೆಗೆದೆ. ಗಾಜಿನ ಬಳೆ ದಿನಾ ಹಾಕಿ ದಿನಾ ತೆಗೆಯುವಂಥದಲ್ಲ, ಆದ್ದರಿಂದ ಹಾಕುವುದನ್ನೇ ಬಿಟ್ಟೆ. ನಾಚಾರಂನ ವರ್ಕ್‌ಶಾಪಿನಲ್ಲಿ ಅಳತೆ ಕೊಟ್ಟು ಉಕ್ಕಿನ ಪಟ್ಟಿ ಮಾಡಿಸಿದೆ. ಬ್ಲೇಡಿಗೆ ಮುಚ್ಚಳ, ಬೆಲ್ಟಿಗೆ ತಗಡಿನ ಪೆಟ್ಟಿಗೆ, ಮೊಣಕಾಲಿನಿಂದ ಒತ್ತಿದರೂ ನಿಲ್ಲುವ ಕೆಂಪು ಸ್ವಿಚ್ಚು. ಅಲ್ಲಿದ್ದ ಮಿಸ್ತ್ರಿಗಳು ಮುಸಿಮುಸಿ ನಕ್ಕರು. ಅವರ ಬೆರಳು ಎಣಿಸಿ ನಾನೂ ನಕ್ಕೆ. ಸೋವಿ ಮಾಲೆಂದು ತಂದ ಮಷೀನಿಗೆ ಅದರ ಬೆಲೆಯಷ್ಟೇ ಮತ್ತೆ ಸುರಿದೆ, ಬೇಜಾರಿಲ್ಲ.

ಅತ್ತೆ ಒಂದು ತಿಂಗಳು ನನ್ನೊಡನೆ ಮಾತು ಬಿಟ್ಟರು. ಮೇಲೆ ಮಷೀನು ತಿರುಗುತ್ತಿರುವಷ್ಟು ಹೊತ್ತೂ ಕೆಳಗೆ ತಟ್ಟೆಯ ಮುಂದೆ ಉಣ್ಣದೆ ಕೂತಿರುತ್ತಿದ್ದರೆಂದು ಗಂಡ ಹೇಳಿದರು. ಅದನ್ನು ಕೇಳಿ ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ. ಊಟದ ಹೊತ್ತಿಗೆ ನಿಲ್ಲಿಸತೊಡಗಿದೆ. ಕೆಲಸ ನಿಲ್ಲಿಸಲಿಲ್ಲ.

ಕಾರ್ತಿಕದಲ್ಲಿ ದಿಲ್‌ಸುಖ್‌ನಗರದ ನೆಂಟರ ಮನೆಯಲ್ಲಿ ತೊಟ್ಟಿಲ ಕಾರ್ಯವಿತ್ತು. ಹೆಂಗಸರೆಲ್ಲ ಜಮಖಾನೆಯ ಮೇಲೆ, ಅತ್ತೆ ಗೋಡೆ ಪಕ್ಕದ ಕುರ್ಚಿಯಲ್ಲಿ. ವಿಧವೆಯರಿಗೆ ಕುಂಕುಮ ಕೊಡುವುದಿಲ್ಲವೆಂದು ಆಕೆ ಇಂಥ ಕಡೆ ತಾವಾಗಿಯೇ ದೂರ ಕೂರುತ್ತಾರೆ. ಅರಿಶಿಣದ ಬಟ್ಟಲು ಹಿಡಿದು ಬಂದ ಮನೆಯೊಡತಿ ನನ್ನ ಮಣಿಕಟ್ಟು ನೋಡಿ ನಿಂತಳು.

"ಇದೇನ್ರೀ, ಕೈ ಬೋಳು? ಯಜಮಾನ್ರು ಆರಾಮ ಅದಾರಲ್ಲ?"

ಉತ್ತರ ನನ್ನ ನಾಲಿಗೆ ತುದಿಯಲ್ಲೇ ಇತ್ತು, ಖಾರದ್ದೇ. ಅಷ್ಟರಲ್ಲಿ ಕುರ್ಚಿಯಿಂದ ಅತ್ತೆಯ ದನಿ ಬಂತು.

"ನನ್ನ ಕೈಯಾಗೂ ಬಳಿ ಭಾಳ ಇದ್ವು ನೋಡವಾ. ಒಂದಿನಾನೂ ತಗೀಲಿಲ್ಲ. ಆದ್ರೂ ಅವ್ರು ಉಳೀಲಿಲ್ಲ." ಬಟ್ಟಲಿನತ್ತ ಕೈ ತೋರಿಸಿ ಅಂದರು, "ನೀ ಅರಿಶಿಣ ಹಚ್ಚು ಅಕಿಗೆ."

ನಾನು ಬರಿಗೈ ಎರಡನ್ನೂ ಮುಂದೆ ಚಾಚಿದೆ. ಹೊಲಿಗೆಯ ಗುರುತಿನವರೆಗೂ ಹಚ್ಚಿಸಿಕೊಂಡೆ.