ಒದ್ದೆ ಮರಳಿನಲ್ಲಿ ಹೂತಿಟ್ಟ ಚೀಲ

ಕಾಯಿಲೆ ಕೈಮೀರಿದೆ, ಅವರಿಗೆ ಏನು ಆಸೆಯೋ ಪೂರೈಸಿಬಿಡಿ ಎಂದು ಡಾಕ್ಟರು ಹೇಳಿದ ಮೇಲೆ ನನ್ನ ಹೆಂಡತಿ ಕೇಳಿದ್ದು ಒಂದೇ, ಸಮುದ್ರದ ನಡುವಿನ ದ್ವೀಪ. "ಅಂಗಡಿ, ಗದ್ದಲ ಏನೂ ಇರಬಾರದು ರೀ. ಬರೀ ಮರ, ಮರಳು, ನೀರು." ಹೊನ್ನಾಳಿ ಬಿಟ್ಟು ಹೆಚ್ಚು ದೂರ ಹೋಗದ ನಾನು ಅವರಿವರನ್ನು ಕೇಳಿ ಅಂಥದ್ದೇ ಒಂದನ್ನು ಹುಡುಕಿದೆ. ಸಿಕ್ಕಿದ್ದಕ್ಕೆ ಜಂಬವನ್ನೂ ಕೊಚ್ಚಿಕೊಂಡೆ.

ದೋಣಿಯವನು ಬೆಳಿಗ್ಗೆ ನಮ್ಮನ್ನು ಇಳಿಸಿ, ಸಂಜೆ ನಾಲ್ಕಕ್ಕೆ ಬರುತ್ತೇನೆಂದು ಹೊರಟುಹೋದ. ಬೇರೆ ಯಾರೂ ಇರಲಿಲ್ಲ. ಫೋನಿಗೆ ಸಿಗ್ನಲ್ಲೂ ಇರಲಿಲ್ಲ. ಅವಳು ಚಪ್ಪಲಿ ಬಿಟ್ಟು ಮರಳಿನ ಮೇಲೆ ಕಾಲಿಟ್ಟು, "ಮೆತ್ತಗೈತೆ" ಎಂದು ನಕ್ಕಳು. ಎಷ್ಟೋ ತಿಂಗಳ ಮೇಲೆ ಕಂಡ ನಗು ಅದು.

ನಮ್ಮಲ್ಲಿ ಬೇಸಿಗೆಯಲ್ಲಿ ಹೊಳೆಗೆ ಹೋದರೆ ಮಜ್ಜಿಗೆ ಬಾಟಲಿಯನ್ನು ನೀರಿನಂಚಿನ ಒದ್ದೆ ಮರಳಿನಲ್ಲಿ ಹೂತು, ಗುರುತಿಗೆ ಕಲ್ಲಿಡುತ್ತೇವೆ. ಎಷ್ಟು ಹೊತ್ತಾದರೂ ತಣ್ಣಗಿರುತ್ತದೆ. ಬೇಸಿಗೆಯ ತುಂಗಭದ್ರೆ ಇಟ್ಟದ್ದನ್ನು ಮುಟ್ಟಿದವಳಲ್ಲ. ನಾನು ಇಲ್ಲೂ ಅದನ್ನೇ ಮಾಡಿದೆ. ಮಜ್ಜಿಗೆ ಬಾಟಲಿಯಿದ್ದ ಪ್ಲಾಸ್ಟಿಕ್ ಚೀಲದಲ್ಲೇ ಅವಳ ನೋವಿನ ಮಾತ್ರೆಗಳೂ ಇದ್ದವು. ಬಿಸಿಲಿಗೆ ಕೆಡದಿರಲಿ ಎಂದು ಬಾಯಿ ಬಿಗಿದು ಕಟ್ಟಿ, ಹೂತು, ದೊಡ್ಡ ಬುದ್ಧಿವಂತನ ಹಾಗೆ ಕೈ ಕೊಡವಿಕೊಂಡೆ.

ಮರದ ನೆರಳಲ್ಲಿ ಅವಳಿಗೆ ನಿದ್ದೆ ಹತ್ತಿತು. ಮಧ್ಯಾಹ್ನ ನೋವಿಗೆ ಎಚ್ಚರವಾಯಿತು. ಮಾತ್ರೆ ತರಲು ಇಳಿದು ಬಂದರೆ ಕಲ್ಲೂ ಇಲ್ಲ, ಕಲ್ಲಿದ್ದ ದಂಡೆಯೂ ಇಲ್ಲ. ಸಮುದ್ರ ದಿನಾ ಏರಿ ಇಳಿಯುತ್ತದೆಂದು ಶಾಲೆಯಲ್ಲಿ ಓದಿದ್ದೆ. ಹೊಳೆದಂಡೆಯ ಈ ದಡ್ಡನಿಗೆ ಅದು ನೆನಪಾದದ್ದು ಆಗ. ಸೊಂಟಮಟ್ಟದ ನೀರಿನಲ್ಲಿ ಮುಳುಗಿ ಮುಳುಗಿ ಮರಳು ಕೆದಕಿದೆ. ಚೀಲ ಸಿಗಲಿಲ್ಲ.

"ಮ್ಯಾಲೆ ಬರ್ರಿ. ನಿಮಗೇನಾದ್ರೂ ಆದ್ರೆ ನಾನೇನು ಮಾಡ್ಲಿ?" ಎಂದು ಕೂಗಿದಳು.

ಆಮೇಲೆ ಅವಳು ಮೊಣಕಾಲನ್ನು ಹೊಟ್ಟೆಗೆ ಒತ್ತಿಕೊಂಡು, ನನ್ನ ಟವೆಲ್ಲಿನ ತುದಿ ಕಚ್ಚಿ, ಕಣ್ಣು ಮುಚ್ಚಿ ಮಲಗಿಬಿಟ್ಟಳು. ಒಂದು ಅಂಗಡಿ ಇಲ್ಲವಲ್ಲ, ಒಬ್ಬ ನರಮನುಷ್ಯ ಇಲ್ಲವಲ್ಲ ಎಂದು ಆ ಜಾಗವನ್ನು ಬಾಯಿಗೆ ಬಂದಂತೆ ಬೈದೆ. ಅವಳ ಕೊನೆಯ ಆಸೆಯನ್ನು ನನ್ನ ಕೈಯಾರೆ ಹೂತಿದ್ದೆ.

ದೋಣಿಯಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಕೇಳಿದಳು: "ಹೆಂಗಿತ್ರೀ ದ್ವೀಪ? ನೋವು ಬಂದ ಮ್ಯಾಲೆ ನನಗೆ ಕಣ್ಣು ಬಿಡಾಕೇ ಆಗಲಿಲ್ಲ."

ದೋಣಿ ಬರುವ ದಿಕ್ಕು ಬಿಟ್ಟರೆ ನಾನೂ ಏನನ್ನೂ ನೋಡಿರಲಿಲ್ಲ.

"ಚೆನ್ನಾಗಿತ್ತು" ಎಂದೆ.

"ಏನೇನಿತ್ತು, ಹೇಳ್ರಿ" ಎಂದಳು. ನಾನು ಹೇಳುತ್ತೇನೆಂದು ದಡ ಮುಟ್ಟುವವರೆಗೂ ಕಾದಳು.