ಮೇದಿನಿ ಸಹಿ ಮಾಡಲಿಲ್ಲ

ನನ್ನ ಸೊಸಿ ಮೇದಿನಿಗೆ ಸುಮ್ಮನ ತಲಿ ಆಡಸೋದು ಬರಂಗಿಲ್ಲ. ಮದುವ್ಯಾಗಿ ಬಂದ ವಾರದಾಗನ ನನಗದು ತಿಳೀತು. ಹುಳಿಗೆ ಉಪ್ಪು ಕಡಿಮಿ ಅಂತ ನಾ ಅಂದ್ರ, ತಾನೂ ರುಚಿ ನೋಡಿ "ಇಲ್ರೀ ಅತ್ತಿ, ಸರಿ ಅದ" ಅಂದ್ಲು. ಆವತ್ತು ಭಾಳ ಸಿಟ್ಟು ಬಂದಿತ್ತು. ಖರೇ ಹೇಳಬೇಕಂದ್ರ ಉಪ್ಪು ಸರೀನ ಇತ್ತು.

ನಾವು ಧಾರವಾಡದವ್ರು. ಮಗ ಶ್ರೀಪಾದಗ ಬ್ಯಾಂಕಿನಾಗ ವರ್ಗಾ ಆಗಿ ಸೂರತ್ತಿಗೆ ಬಂದು ಐದು ವರ್ಷ ಆತು. ಮೇದಿನಿ ಪಾಂಡೇಸರಾದ ಒಂದು ಮಿಲ್ಲಿನಾಗ ಕಂಪ್ಯೂಟರ್ ನೋಡಕೋತಾಳ. ಬಟ್ಟಿಗೆ ಬಣ್ಣಾ ಹಾಕೋ ಮಿಲ್ಲದು. ಸಣ್ಣೂ ದೊಡ್ಡೂ ಸೇರಿ ನೂರಾ ನಲವತ್ತು ಮಶೀನು. ಎಷ್ಟು ಕಾಸಬೇಕು, ಎಷ್ಟು ಬಣ್ಣಾ ಬಿಡಬೇಕು ಅಂತ ಎಲ್ಲಾಕ್ಕೂ ಒಂದ ದೊಡ್ಡ ಕಂಪ್ಯೂಟರ್ ಹೇಳತದ. ಅದರ ಮುಂದ ಕೂಡಾಂವ ಧನೇಶ್ವರ, ಒಡಿಶಾದ ಗಂಜಾಂ ಕಡಿಯಾಂವ. ಹದಿನಾರು ವರ್ಷದಿಂದ ಅದೇ ಮಿಲ್ಲಿನಾಗ ದುಡೀತಾನ.

ಇಲ್ಲೆ ದೀಪಾವಳಿಗೆ ಬಾಗಲಾ ಹಾಕಿದ ಮಿಲ್ಲು ಐದು ದಿನದ ಮ್ಯಾಲ, ಲಾಭ ಪಂಚಮಿಗೆ ತಗೀತಾವ. ಈ ಮಿಲ್ಲಿನ ಮಾಲಕ ಕಶ್ಯಪ್‌ಭಾಯಿ. ಅವರಪ್ಪನ ಕಾಲದಿಂದ ಒಂದು ಪದ್ಧತಿ ನಡಕೋತ ಬಂದದ: ಭಟ್ರು ಹೇಳಿದ ಮುಹೂರ್ತಕ್ಕ ಸರಿಯಾಗಿ ಎಲ್ಲಾ ಮಶೀನೂ ಒಮ್ಮೆಲೇ ಚಾಲೂ ಆಗಬೇಕು, ಒಂದೂ ಹಿಂದ ಬೀಳಬಾರದು. ಹಳೇ ಮಶೀನಿಗೆ ಅದು ನಡೀತಿತ್ತು. ಈ ವರ್ಷ ಮೊದಲನೇ ಸಲ ಎಲ್ಲಾ ಹೊಸಾ ಕಂಪ್ಯೂಟರಿಗೆ ಜೋಡಿಸಿದ್ರು. ಹತ್ತು ಹೊಡದು ಹನ್ನೆರಡು ನಿಮಿಷಕ್ಕ ನೂರಾ ನಲವತ್ತು ಗುಂಡಿ ಒತ್ತಿದ್ರು. ಕಂಪ್ಯೂಟರ್ ಗಪ್ ಅಂತ ಕೂತುಬಿಡ್ತು. ಶಕುನದ ಮೊದಲ ಬಟ್ಟಿ, ಚಂದಾಗಿ ಕೆಂಪಗ ಬರಬೇಕಾದ್ದು, ಸಾಕು ಅಂತ ಹೇಳಾವ್ರಿಲ್ಲದ ಕುದ್ದು ಕುದ್ದು ಕಂದು ಬಣ್ಣಾ ಆಗಿ ಹೊರಗ ಬಂತು.

ಕಂಪ್ಯೂಟರ್ ಮಾರಿದ ಅಹಮದಾಬಾದಿನ ಕಂಪನಿಯವರು ಫೋನಿನಾಗ "ನಮ್ಮದ್ರಾಗ ದೋಷ ಇಲ್ಲ, ನಿಮ್ಮವ್ರ ಏನೋ ಮಾಡ್ಯಾರ" ಅಂದ್ರು. ಆವತ್ತು ಕಂಪ್ಯೂಟರಿನ ಖೋಲಿಗೆ ಪೂಜಾ ಮಾಡಿ ತೆಂಗಿನಕಾಯಿ ಒಡದಾಂವ ಧನೇಶ್ವರ. ಸಿಕ್ಕಿಬಿದ್ದ ನೋಡ್ರಿ. ಕಾಯಿನೀರು ಒಳಗ ಚೆಲ್ಲ್ಯಾನ ಅಂತ ಕಶ್ಯಪ್‌ಭಾಯಿ ಎಲ್ಲಾರ ಎದುರಿಗೆ ಅವನ್ನ ಬಾಯಿಗೆ ಬಂದಂಗ ಬೈದು ಕೆಲಸದಿಂದ ಹೊರಗ ಹಾಕಿದ.

ಮೇದಿನಿ ಅಲ್ಲೇ ಇದ್ಲು. ಕಾಯಿ ಒಡದದ್ದು ಹೊಸ್ತಿಲದ ಆಚೆ ಅಂತ ಹೇಳಿದ್ಲು. ಕಶ್ಯಪ್‌ಭಾಯಿ ಒಂದು ಕಾಗದಾ ಮುಂದ ಇಟ್ಟ. "ನೀರು ಬಿದ್ದು ಕೆಟ್ಟದ ಅಂತ ಬರದದ ಮೇದಿನಿಬೆನ್, ಸಹಿ ಮಾಡ್ರಿ. ಇಲ್ಲಾಂದ್ರ ಶನಿವಾರದೊಳಗ ಬ್ಯಾರೆ ಕಾರಣಾ ತೋರಸ್ರಿ. ಎರಡೂ ಆಗದಿದ್ರ ನೀವೂ ಬರಬ್ಯಾಡ್ರಿ."

"ಇನ್ನೆರಡು ವರ್ಷಕ್ಕ ಮತ್ತ ವರ್ಗಾ ಆಗತದ, ನಮಗ್ಯಾಕ ಊರ ಉಸಾಬರಿ" ಅಂದ ಶ್ರೀಪಾದ. ಸಹಿ ಮಾಡಿಬಿಡವ್ವಾ ಅಂತ ನಾನೂ ಅಂದೆ. ಸುಳ್ಳ್ಯಾಕ ಹೇಳಲಿ.

"ಅವನ ಹದಿನಾರು ವರ್ಷಾ ನನ್ನ ಒಂದು ಸಹಿಗೆ ಹೋಗತಾವ್ರೀ ಅತ್ತಿ. ನಾ ಮಾಡಂಗಿಲ್ಲ" ಅಂದ್ಲು.

ಮರುದಿನದಿಂದ ಆ ದೋಷ ಹುಡುಕಲಿಕ್ಕಂತ ನಮ್ಮ ಊಟದ ಮೇಜಿನ ಮ್ಯಾಲ ಎರಡು ಹಳೇ ಕಂಪ್ಯೂಟರ್ ಬಂದು ಕೂತ್ವು. ನಾವು ನೆಲದ ಮ್ಯಾಲ ಕೂತು ಉಂಡ್ವಿ. ಮೂರನೇ ದಿನಾ ಮುಂಜಾನೆ ಚಹಾ ಕೊಡಲಿಕ್ಕೆ ಹೋದ್ರ ಅಕಿ ಮಾರಿ ಅರಳಿತ್ತು. "ಸಿಕ್ತು ಅತ್ತಿ. ಬಸ್ಸಿನಾಗ ಕಿಡಕಿಯಿಂದ ಕರ್ಚೀಫ್ ಒಗದು ಸೀಟು ಹಿಡಿಯೂದಿಲ್ಲೇನ್ರೀ? ಹಂಗ. ಒಂದು ಮಶೀನು ಬರ್ಲ್ಯಾ ಅಂದ್ರ ಈ ಕಂಪ್ಯೂಟರ್ ಬಾ ಅಂದು ಸೀಟು ಹಿಡದಿಡತದ. ಉತ್ತರಾ ತಡಾ ಆದ್ರ ಮಶೀನು ಮತ್ತ ಕೇಳತದ, ಇದು ಮತ್ತೊಂದು ಸೀಟು ಹಿಡೀತದ. ನೂರಾ ನಲವತ್ತೂ ಒಮ್ಮೆಲೇ ಕೇಳಿದ್ರ? ಬಸ್ಸಿನ ತುಂಬ ಕರ್ಚೀಫು, ಮಂದಿ ಎಲ್ಲಾ ಹೊರಗ. ಯಾರರ ಕೆಟ್ಟವ್ರು ಬೇಕಂತನ ಹಿಂಗ ಮಾಡಿದ್ರ ಕೂತಲ್ಲಿಂದ ಇಡೀ ಮಿಲ್ಲು ನಿಲ್ಲಸಬಹುದು."

"ಮತ್ತ ಇದಕ್ಕ ಔಷಧಾ?"

"ಸೀಟು ಹಿಡಿಯೂದ ಬ್ಯಾಡ. ಕೇಳಿದವ್ರ ಕೈಗೆ ಒಂದು ಚೀಟಿ ಕೊಡೋದು. ಚೀಟಿ ತಿರುಗಿ ತಂದವರಿಗಷ್ಟ ಜಾಗಾ."

ಮೂವತ್ತು ವರ್ಷ ಸಾಲಿಯೊಳಗ ಗಣಿತಾ ಕಲಿಸೀನಿ, ಇಷ್ಟು ಸರಳ ಮಾಡಿ ನಾನೂ ಹೇಳಿದ್ದಿಲ್ಲ. ಶನಿವಾರ ನಾನೂ ಬರತೀನಿ ಅಂತ ಹಟಾ ಹಿಡದು ಮಿಲ್ಲಿಗೆ ಹೋದೆ.

ಅಹಮದಾಬಾದಿನ ಕಂಪನಿಯಿಂದ ಪ್ರಶಾಂತ್ ಅನ್ನಾಂವ ಬಂದಿದ್ದ. ಮೇದಿನಿ ಕಂಪ್ಯೂಟರಿನ ಖೋಲಿಗೆ ಕೀಲಿ ಹಾಕಿ, ಕೀಲಿಕೈ ಕಶ್ಯಪ್‌ಭಾಯಿಗೆ ಕೊಟ್ಲು. ಎಲ್ಲಾ ಮಶೀನೂ ಒಮ್ಮೆಲೇ ಚಾಲೂ ಮಾಡಸಿದ್ಲು. ಒಳಗ ಒಂದು ನೊಣಾನೂ ಇರಲಿಲ್ಲ, ಕಂಪ್ಯೂಟರ್ ಮತ್ತ ಗಪ್. ಕೀಲಿ ತಗಸಿ, ತಾನು ತಿದ್ದಿದ್ದನ್ನ ಹಾಕಿ, ಮತ್ತೊಮ್ಮೆ ಚಾಲೂ ಮಾಡಸಿದ್ಲು. ನೂರಾ ನಲವತ್ತೂ ಓಡಲಿಕ್ಕೆ ಹತ್ತಿದ್ವು.

"ಇದು ನಮ್ಮ ಸಿಸ್ಟಮ್, ನೀವು ಕೈ ಹಾಕೂ ಹಂಗಿಲ್ಲ" ಅಂದ ಪ್ರಶಾಂತ್.

"ನಿಮ್ಮದಲ್ಲ. ಯಾರು ಬೇಕಾದ್ರೂ ಓದಿ ತಿದ್ದಲಿ ಅಂತ ಜಗತ್ತಿಗೆ ಬಿಟ್ಟದ್ದು. ಈ ಚೀಟಿ ವ್ಯವಸ್ಥಾ ಅದ್ರಾಗ ಮೊದಲ ಇತ್ತು. ನೀವು ತಗದೀರಿ" ಅಂದ್ಲು ಮೇದಿನಿ. ನನಗ ಹೊಟ್ಟಿ ತಣ್ಣಗಾತು.

ಕಶ್ಯಪ್‌ಭಾಯಿ ಕೆಟ್ಟವನಲ್ಲ, ಬಗ್ಗೂದು ಗೊತ್ತಿಲ್ಲದಾಂವ ಅಷ್ಟ. "ಆತು, ಧನೇಶ್ವರ ಸೋಮವಾರದಿಂದ ಬರಲಿ" ಅಂದು ಹೊಂಟ. ಧನೇಶ್ವರನ್ನ ಮೇದಿನಿ ಮೊದಲ ಕರಸಿಟ್ಟಿದ್ಲು, ಅಂವಾ ಬಾಗಲದಾಗ ನಿಂತಿದ್ದ.

"ಎಲ್ಲಾರ ಎದುರಿಗೆ ಬೈದ್ರಿ, ಶೇಠ್. ತಪ್ಪು ನಂದಲ್ಲಂತ ಎಲ್ಲಾರ ಎದುರಿಗೇ ಹೇಳ್ರಿ. ಇಲ್ಲಾಂದ್ರ ನಾ ಬರಂಗಿಲ್ಲ" ಅಂದ. ತಿರುಗಿ ಸಿಕ್ಕ ಕೆಲಸಾ ಬಿಡಲಿಕ್ಕೆ ಹೊಂಟಾನಲ್ಲ ಈ ಮನಷ್ಯಾ.

ಮೇದಿನಿ ಚೀಲದಿಂದ ಬ್ಯಾರೆ ಕಾಗದಾ ತಗದು ಕಶ್ಯಪ್‌ಭಾಯಿ ಕೈಗೆ ಕೊಟ್ಲು. ತಪ್ಪು ಧನೇಶ್ವರಂದಲ್ಲ ಅಂತ ನಡದದ್ದೆಲ್ಲಾ ಬರದು, ಕೆಳಗ ತನ್ನ ಸಹಿ ಹಾಕಿ ತಂದಿದ್ಲು. ಅಂವಾ ಓಡೋ ಮಶೀನುಗಳ ನಡುವ ನಿಂತು, ತನಗಷ್ಟ ಕೇಳಸೂ ಹಂಗ ಓದಿದ.

"ಕೇಳಸಲಿಲ್ಲ, ಶೇಠ್" ಅಂದ ಧನೇಶ್ವರ. "ಮಶೀನು ಬಂದ್ ಮಾಡಸ್ರಿ."

ಕೆಲಸಗಾರರು ಎಲ್ಲಾ ಮಾಲಕನ ಮಾರೀನ ನೋಡಕೋತ ನಿಂತ್ರು. ಕಶ್ಯಪ್‌ಭಾಯಿ ಕೈ ಎತ್ತಿದ. ಮಶೀನು ಒಂದೊಂದಾಗಿ ನಿಂತ್ವು. ಅಂವಾ ಕಾಗದಾನ ಮೊದಲಿಂದ ಓದಿದ.